ಒಲೆಯ ಹೊಗೆಯ ವಿಷಯವಾದ ಪಾಠ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲೂಕುಗಳ ಹಳ್ಳಿಗಳಲ್ಲಿ ಮುಂಜಾನೆ ಸಂಚರಿಸುವವರು ಮಾಳಿಗೆ ಮನೆಗಳ ಗವಾಕ್ಷಿಗಳಿಂದ ಹೊಗೆ ಏಳುವದನ್ನು ನೋಡಿರುವರು. ಒಳಗೆ ತಾಯಿಯು ಊದುಗೊಳವೆಯಿಂದ ಒಲೆಯನ್ನು ಊದುತ್ತಾ, ಕಣ್ಣೊರಸಿಕೊಳ್ಳುತ್ತಾ ರೊಟ್ಟಿ ಬಡಿಯುತ್ತಾಳೆ. ಕೂಸು ಆಕೆಯ ಮಗ್ಗುಲಲ್ಲಿ ಇರುತ್ತದೆ. ಅದೇ ಅಡಿಗೆಮನೆಯ ಮೂಲೆಯಲ್ಲಿ ಗ್ಯಾಸಿನ ಸಿಲಿಂಡರು ಬರಿದಾಗಿ ನಿಂತಿರುವದನ್ನೂ ನಾವು ಕಂಡಿದ್ದೇವೆ. ಹೊಗೆಯು ಅಡಿಗೆ ಮಾಡುವವಳ ಹಣೆಬರಹವೆಂದು ಹೇಳಿ ಸುಮ್ಮನಿರುವದು ನಮ್ಮಲ್ಲಿ ವಾಡಿಕೆ. ಆ ಮಾತು ಸತ್ಯವಲ್ಲವೆಂದು ತೋರಿಸುವದೇ ಈ ಪಾಠದ ಉದ್ದೇಶವು.

೧. ಹೊಗೆ ಎಂದರೇನು?

ಒಣಗಿದ ಕಟ್ಟಿಗೆಯು ಸಾಕಷ್ಟು ಗಾಳಿಯಲ್ಲಿ ಚೆನ್ನಾಗಿ ಉರಿದರೆ ಹೊಗೆ ಸ್ವಲ್ಪವೇ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಬಳ್ಳಾರಿ ಜಾಲಿಯ ಹಸಿ ಕಟ್ಟಿಗೆ, ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಕುಳ್ಳು ಇವು ಅರೆಬರೆಯಾಗಿ ಉರಿಯುವವು. ಉರಿಯದೆ ಉಳಿದ ಭಾಗವೇ ಹೊಗೆಯಾಗುವದು. ಅದರಲ್ಲಿ ಬಹು ಸೂಕ್ಷ್ಮವಾದ ಕಣಗಳಿವೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಎರಡೂವರೆ ಪಾಲಿನಷ್ಟು, ಇಲ್ಲವೆ ಅದಕ್ಕೂ ಸಣ್ಣವು. ಇವುಗಳನ್ನು ಮೂಗು ತಡೆಯಲಾರದು. ಇವು ಶ್ವಾಸಕೋಶದ ತುದಿಯ ವರೆಗೂ ಇಳಿಯುವವು. ಇದಲ್ಲದೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಉಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಳವನ್ನು ಅದು ಹಿಡಿಯುವದು. ಆದದರಿಂದ ಚಳಿಗೆ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವದು ಪ್ರಾಣಾಪಾಯವೇ ಸರಿ.

೨. ಅದರಿಂದಾಗುವ ಕೇಡು

ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಲೋಕದೊಳಗೆ ಸುಮಾರು ೩೨ ಲಕ್ಷ ಜನರು ಸತ್ತರೆಂದೂ ಅವರಲ್ಲಿ ೨,೩೭,೦೦೦ಕ್ಕಿಂತ ಹೆಚ್ಚು ಮಂದಿ ಐದು ವರುಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿದ್ದಾರೆ. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಬಿಡದ ಕೆಮ್ಮು, ದಮ್ಮು, ಹೃದ್ರೋಗ, ಲಕ್ವ, ಶ್ವಾಸಕೋಶದ ಕ್ಯಾನ್ಸರು ಇವು ಹೊಗೆಯಿಂದ ಹೆಚ್ಚುವವು. ಬೀಡಿ ಮುಟ್ಟದ ಅಜ್ಜಿಗೆ ದಮ್ಮು ಯಾಕೆ ಬಂತೆಂದು ಕೇಳುವವರು ಆಕೆಯು ನಾಲ್ವತ್ತು ವರುಷ ಕೂತ ಸ್ಥಳವನ್ನು ನೋಡಲಿ.

ಹೊಗೆಯಿಂದ ತೊಲೆಗೆ ಹುಳ ಹತ್ತದು, ಸೊಳ್ಳೆ ಬಾರದು ಎಂದು ಕೆಲವರು ಹೇಳುವರು. ತೊಲೆಗೆ ಎಣ್ಣೆ ಉಂಟು, ಸೊಳ್ಳೆಗೆ ಪರದೆ ಉಂಟು. ಕೂಸಿನ ಶ್ವಾಸಕೋಶಕ್ಕೆ ಬದಲು ಏನೂ ಇಲ್ಲ.

೩. ಹಿಂದಿನ ಪ್ರಯತ್ನಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹಳ್ಳಿಗಳ ಉಪಯೋಗಕ್ಕಾಗಿ ಅಸ್ತ್ರ ಎಂಬ ವಿಭಾಗವು ಸ್ಥಾಪಿತವಾಯಿತು. ಅಲ್ಲಿಯವರು ಮೂರು ಪಾತ್ರೆಗಳನ್ನಿಡತಕ್ಕ, ಕೆಳಗೆ ಜಾಲರಿಯೂ ಹಿಂದೆ ಹೊಗೆಗೊಳವೆಯೂ ಇರುವ ಅಸ್ತ್ರ ಒಲೆಯನ್ನು ರಚಿಸಿದರು. ಇದರಲ್ಲಿ ಕಟ್ಟಿಗೆ ಕಡಿಮೆ ಸಾಕು. ಹೊಗೆ ಹೊರಗೆ ಹೋಗುವದು. ಸರಕಾರದವರು ೧೯೮೩ರಲ್ಲಿ ಆರಂಭಿಸಿ ೨೦೦೨ರ ವರೆಗೆ ದೇಶದಲ್ಲೆಲ್ಲಾ ಸುಧಾರಿತ ಒಲೆಗಳನ್ನು ಕಟ್ಟಿಸಿದರು. ಆದರೆ ಮಸಿ ತುಂಬಿದ ಕೊಳವೆಯನ್ನು ತೆಗೆದು ಶುಚಿಮಾಡುವವರಿಲ್ಲದೆ, ಒಡೆದ ಕೊಳವೆಯನ್ನು ಬದಲಿಸುವವರಿಲ್ಲದೆ ಅನೇಕ ಒಲೆಗಳು ಕೆಟ್ಟುಹೋದವು. ಆಮೇಲೆ ೨೦೧೬ನೇ ಮೇ ೧ರಂದು ಉಜ್ವಲ ಯೋಜನೆಯು ಆರಂಭವಾಗಿ, ಬಡ ಮನೆಯ ಹೆಂಗಸರ ಹೆಸರಿನಲ್ಲಿ ಗ್ಯಾಸು ಬಂತು. ಕೊಟ್ಟ ವಸ್ತುವು ನಡೆಯುವಂತೆ ನೋಡಿಕೊಳ್ಳದಿದ್ದರೆ ಕೊಟ್ಟದ್ದು ವ್ಯರ್ಥವೆಂಬದು ಇವೆರಡರಿಂದಲೂ ತಿಳಿಯುವದು.

೪. ಸಿಲಿಂಡರು ಯಾಕೆ ಬರಿದಾಗಿದೆ?

ದಿನಗೂಲಿಯವರಿಗೆ ಸಿಲಿಂಡರಿನ ಹಣವನ್ನು ಒಂದೇ ಸಾರಿ ಕೊಡುವದು ಕಷ್ಟ. ಜಾಲಿಯ ಕಟ್ಟಿಗೆಯಾದರೋ ಬಿಟ್ಟಿ ಸಿಕ್ಕುವದು. ಇದನ್ನು ನಾವು ಬಲ್ಲೆವು. ಆದರೆ ಅದು ನಿಜವಾಗಿ ಬಿಟ್ಟಿಯೋ? ಮುಳ್ಳು ಕಡಿದು ತಲೆಯ ಮೇಲೆ ಹೊತ್ತು ತರುವವಳ ಹೊತ್ತನ್ನೂ ಆಕೆಯ ಉಸಿರನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಮೋಟಾರು ಸೈಕಲ್ಲಿಗೆ ಪೆಟ್ರೋಲು ತುಂಬಿಸುವದಕ್ಕೆ ಯಜಮಾನನ ಕೈಯಲ್ಲಿ ಹಣವಿದ್ದು, ಒಲೆಗೆ ಮಾತ್ರ ಇಲ್ಲವೆಂದರೆ ಆ ಮನೆಯಲ್ಲಿ ಕೊರತೆ ಇರುವದು ಹಣಕ್ಕಲ್ಲ.

೫. ನಾವು ಮಾಡತಕ್ಕದ್ದು

ವಾರಕ್ಕೊಮ್ಮೆ ಸ್ವಲ್ಪ ಹಣವನ್ನು ಗ್ಯಾಸಿಗಾಗಿಯೇ ಡಬ್ಬಿಯಲ್ಲಿ ತೆಗೆದಿಡಿರಿ. ೧೪.೨ ಕಿಲೋದ ಸಿಲಿಂಡರು ಭಾರವಾದರೆ ೫ ಕಿಲೋದ್ದು ಸಿಕ್ಕುವದೋ ಎಂದು ವಿತರಕರನ್ನು ವಿಚಾರಿಸಿರಿ. ಕಟ್ಟಿಗೆಯ ಒಲೆಯನ್ನು ಬಿಡಲಾರದವರು ಅದನ್ನು ಪಡಸಾಲೆಯಿಂದ ದೂರ, ಗಾಳಿಯಾಡುವ ಸ್ಥಳದಲ್ಲಿ ಹೂಡಲಿ, ಕಟ್ಟಿಗೆಯನ್ನು ಮಳೆಗಾಲಕ್ಕೆ ಮುಂಚೆ ಒಣಗಿಸಿಡಲಿ, ಗವಾಕ್ಷಿಯನ್ನು ಮುಚ್ಚದಿರಲಿ. ಹೊಗೆಗೊಳವೆಯಿದ್ದರೆ ತಪ್ಪದೆ ಮಸಿ ತೆಗೆಯಲಿ. ಕೊಳವೆಯು ಹೊಗೆಯನ್ನು ತಗ್ಗಿಸುವದೇ ಹೊರತು ಪೂರ್ಣವಾಗಿ ನೀಗದು. ಎಲ್ಲಕ್ಕಿಂತ ಮೊದಲು, ಒಲೆ ಉರಿಯುವಾಗ ಕೂಸನ್ನು ಮನೆಯ ಬೇರೊಬ್ಬರು ಹೊರಗೆ ಎತ್ತಿಕೊಂಡಿರಲಿ. ಇದಕ್ಕೆ ಕಾಸು ಬೇಕಿಲ್ಲ.

ಮನೆಯವರೆಲ್ಲಾ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ತಾಸು ಹೊಗೆ ಇರುವದು? ಅದನ್ನು ಉಸಿರಾಡುವವರು ಯಾರು?

೨. ಸಿಲಿಂಡರು ತುಂಬಿಸುವ ತೀರ್ಮಾನವನ್ನು ಮಾಡುವವರು ಯಾರು? ಹೊಗೆಯಲ್ಲಿ ಕೂಡ್ರುವವರೋ, ಕೂಡ್ರದವರೋ?

೩. ಈ ವಾರದಿಂದಲೇ ಯಾವ ಒಂದು ಮಾರ್ಪಾಟನ್ನು ಮಾಡಬಲ್ಲೆವು?