ಬೆಂದ ಹಂದಿ ಪಕ್ಕೆಲುಬು: ಪೌಷ್ಟಿಕತೆಯ ಲೆಕ್ಕ

ಹಂದಿಯ ಪಕ್ಕೆಲುಬಿನ ಮಾಂಸ ಪುಷ್ಟಿದಾಯಕ ಆಹಾರ. ಅಷ್ಟೇ ಕೊಬ್ಬಿನದೂ ಹೌದು. ಮೂಳೆ ತೆಗೆದು ತೂಗಿದ 100 ಗ್ರಾಂ ಬೆಂದ ಮಾಂಸದಲ್ಲಿ ಸುಮಾರು 400 ಕ್ಯಾಲೊರಿ, 29 ಗ್ರಾಂ ಪ್ರೋಟೀನ್, 30 ಗ್ರಾಂ ಕೊಬ್ಬು ಇರುತ್ತವೆ. ಪಿಷ್ಟವಾಗಲೀ ನಾರಾಗಲೀ ಇಲ್ಲ.

ಪ್ರೋಟೀನು ಉತ್ತಮ ದರ್ಜೆಯದು. ದೇಹಕ್ಕೆ ಬೇಕಾದ ಅಮೈನೊ ಆಮ್ಲಗಳೆಲ್ಲ ಅದರಲ್ಲಿವೆ. ಸತು, ಸೆಲೆನಿಯಂ, ಬಿ12 ಜೀವಸತ್ವವೂ ಚೆನ್ನಾಗಿವೆ. ಥಯಾಮಿನ್ ವಿಷಯದಲ್ಲಂತೂ ಹಂದಿಮಾಂಸ ಕೋಳಿ, ಕುರಿಗಳಿಗಿಂತ ಮುಂದು. ಮೂಳೆ ಕುದಿಸಿದ ಸಾರಿನಲ್ಲಿ ಸುಣ್ಣದಂಶ ಧಾರಾಳ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಸಾರಿಗೆ ಇಳಿಯುವುದು ಅತ್ಯಲ್ಪ.

ಎಚ್ಚರ ಬೇಕಾದದ್ದು ಕೊಬ್ಬಿನಲ್ಲಿ. 30 ಗ್ರಾಂನಲ್ಲಿ ಸುಮಾರು 11 ಗ್ರಾಂ ಪರ್ಯಾಪ್ತ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಇದರ ಮಿತಿ ಸುಮಾರು 22 ಗ್ರಾಂ. ಅಂದರೆ 100 ಗ್ರಾಂ ಮಾಂಸದಲ್ಲೇ ಅರ್ಧ ಪಾಲು ಮುಗಿಯಿತು. ಹೃದ್ರೋಗ, ಅಧಿಕ ಕೊಲೆಸ್ಟ್ರಾಲ್ ಇರುವವರು ವೈದ್ಯರ ಮಾತು ಕೇಳಿಯೇ ತಿನ್ನುವುದು ಲೇಸು.

ಅಡುಗೆಯ ರೀತಿಯೂ ಲೆಕ್ಕ ಬದಲಿಸುತ್ತದೆ. ಬಾರ್ಬೆಕ್ಯೂ ಸಾಸ್ ಹಚ್ಚಿದರೆ ಸಕ್ಕರೆ, ಉಪ್ಪು ಏರುತ್ತವೆ. ಕೊಡಗಿನ ಪಂದಿಕರಿಯಲ್ಲಿ ಹುರಿದ ಮಸಾಲೆ, ಕಾಚಂಪುಳಿ ಎಂಬ ಹುಳಿರಸವೇ ರುಚಿ ಕೊಡುವುದರಿಂದ ಸಕ್ಕರೆಯ ಹಂಗಿಲ್ಲ. ಆದರೆ ಕರಗಿದ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ. ತಣಿದಾಗ ಮೇಲೆ ಕಟ್ಟುವ ಕೆನೆಯಂಥ ಪದರವನ್ನು ತೆಗೆದು ಮತ್ತೆ ಬಿಸಿಮಾಡಿದರೆ ಆ ಕೊಬ್ಬಿನಲ್ಲಿ ಸಾಕಷ್ಟು ಪಾಲು ಹೋಗುತ್ತದೆ. ಅರೆಬೆಂದ ಮಾಂಸದಿಂದ ಲಾಡಿಹುಳು ದೇಹ ಸೇರುವ ಅಪಾಯವಿದೆ. ಎಲುಬಿನ ಪಕ್ಕದ ಮಾಂಸವೂ ಪೂರ್ತಿ ಬೆಂದ ಮೇಲೆಯೇ ಬಡಿಸಿ.