ಹಸುವಿಲ್ಲದ ನಾಡಿನ ಬೇಸಾಯ



ಹಸು, ಎಮ್ಮೆ, ಆಡು, ಕುರಿ ಯಾವುದೂ ಇಲ್ಲದ, ಉಳಲು ಎತ್ತೂ ಇಲ್ಲದ ಒಂದು ದೊಡ್ಡ ರಾಜ್ಯವನ್ನು ಊಹಿಸಬಲ್ಲಿರಾ? ಮೆಕ್ಸಿಕೋದ ಅಜ್ಟೆಕ್ ಜನರದು ಅಂತಹ ರಾಜ್ಯ. 1521ರಲ್ಲಿ ಸ್ಪೇನಿನವರು ಅವರ ರಾಜಧಾನಿ ಟೆನೋಚ್ಟಿಟ್ಲಾನನ್ನು ಗೆದ್ದುಕೊಂಡರು. ದನಕರುಗಳು ಅಲ್ಲಿಗೆ ಬಂದದ್ದು ಅವರ ಜೊತೆಯಲ್ಲಿಯೇ. ಅಲ್ಲಿಯವರೆಗೆ ಅಜ್ಟೆಕ್ ಜನ ಮಾಂಸಕ್ಕಾಗಿ ಸಾಕುತ್ತಿದ್ದುದು ಮುಖ್ಯವಾಗಿ ಟರ್ಕಿ ಕೋಳಿ ಮತ್ತು ನಾಯಿ. ತಾಯಿಯ ಹಾಲು ಬಿಟ್ಟರೆ ಬೇರೆ ಹಾಲನ್ನು ಅವರು ಕಂಡವರಲ್ಲ. ನನ್ನಂಥ ಪಶುವೈದ್ಯನಿಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ!

ಹಾಗಾದರೆ ಊಟಕ್ಕೇನು ಮಾಡುತ್ತಿದ್ದರು? ರಾಜಧಾನಿ ಇದ್ದದ್ದು ಸರೋವರದ ನಡುವೆ. ಆಳವಿಲ್ಲದ ನೀರಿನಲ್ಲಿ ಜೊಂಡು, ಕಳೆ, ಹೂಳುಗಳನ್ನು ಪದರ ಪದರವಾಗಿ ಹಾಕಿ ಉದ್ದನೆಯ ಮಡಿಗಳನ್ನು ಎಬ್ಬಿಸುತ್ತಿದ್ದರು. ಇದಕ್ಕೆ ಚಿನಾಂಪಾ ಎಂದು ಹೆಸರು. ಕೆಲವರು ಇವನ್ನು ತೇಲುವ ತೋಟ ಎನ್ನುತ್ತಾರೆ, ಅದು ತಪ್ಪು. ಮಡಿಯ ಅಂಚಿಗೆ ನೆಟ್ಟ ವಿಲೋ ಮರಗಳ ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಸುತ್ತಲೂ ಕಾಲುವೆ, ಓಡಾಟಕ್ಕೆ ದೋಣಿ.

ಸಗಣಿ ಗೊಬ್ಬರವಿಲ್ಲದ ಕೊರತೆಯನ್ನು ಅವರು ನೀಗಿಸಿಕೊಂಡದ್ದು ಕಾಲುವೆಯ ಹೂಳಿನಿಂದ. ಜೊತೆಗೆ ಪಟ್ಟಣದ ಜನರ ಮಲವನ್ನೂ ದೋಣಿಯಲ್ಲಿ ಸಾಗಿಸಿ ಹೊಲಕ್ಕೆ ಬಳಸುತ್ತಿದ್ದರು. ಮೂಗು ಮುಚ್ಚಿಕೊಳ್ಳಬೇಡಿ, ತಿಪ್ಪೆಯ ಬೆಲೆ ಬಲ್ಲವರು ನೀವು. ಹೂಳನ್ನು ಹರಡಿ, ಚಿಕ್ಕ ಚಿಕ್ಕ ತುಂಡುಗಳಾಗಿ ಕೊಯ್ದು, ತುಂಡಿಗೊಂದು ಬೀಜವಿಟ್ಟು ಸಸಿ ಮಾಡಿ ನಾಟಿ ಹಾಕುತ್ತಿದ್ದರು. ಒಂದು ಬೆಳೆ ಮುಗಿಯುವ ಹೊತ್ತಿಗೆ ಮುಂದಿನದರ ಸಸಿ ಸಿದ್ಧ. ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ, ದಂಟಿನ ಕಾಳು, ಮೆಣಸಿನಕಾಯಿ, ಟೊಮೆಟೊ ಅವರ ಬೆಳೆಗಳು. ಸರೋವರದಿಂದ ಮೀನು, ಬಾತುಕೋಳಿ ಸಿಗುತ್ತಿದ್ದವು. ನೀರಿನ ಮೇಲಿನ ಪಾಚಿಯನ್ನೂ ಸೋಸಿ, ಒಣಗಿಸಿ, ಬಿಲ್ಲೆ ಮಾಡಿ ತಿನ್ನುತ್ತಿದ್ದರು. ಗೆದ್ದ ಊರುಗಳಿಂದ ಧಾನ್ಯ ಕಪ್ಪವಾಗಿ ಬರುತ್ತಿತ್ತು.

ಇಷ್ಟಿದ್ದರೂ 1450ರ ನಂತರ ಹಿಮ ಮತ್ತು ಬರ ಒಂದರ ಹಿಂದೊಂದು ಬಂದವು. 1454ರ ಹೊತ್ತಿಗೆ ಜನ ಜೋಳಕ್ಕಾಗಿ ಹೆತ್ತ ಮಕ್ಕಳನ್ನೇ ಮಾರಿದರು.

ಇನ್ನೊಂದು ವಿಷಯವಿದೆ. ಅಜ್ಟೆಕ್ ಹೆಂಗಸರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ರುಬ್ಬಿ ರೊಟ್ಟಿ ಮಾಡುತ್ತಿದ್ದರು. ಹಾಲಿಲ್ಲದ ಜನಕ್ಕೆ ಸುಣ್ಣದ ಅಂಶ ಹೀಗೆ ದೊರೆಯುತ್ತಿತ್ತು. ಜೋಳದಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗುತ್ತಿತ್ತು. ಯುರೋಪಿನವರು ಜೋಳವನ್ನು ಕೊಂಡೊಯ್ದರು, ಸುಣ್ಣದ ಕ್ರಮವನ್ನು ಅಲ್ಲಿಯೇ ಬಿಟ್ಟರು. ಸ್ಪೇನ್, ಇಟಲಿಗಳಲ್ಲಿ ಹೆಚ್ಚಾಗಿ ಜೋಳವನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರಾ ರೋಗ ಬಂದು, ಚರ್ಮ ಒಡೆದು, ಭೇದಿಯಾಗಿ, ಬುದ್ಧಿಭ್ರಮಣೆಯಾಗಿ ಸತ್ತರು.

ಇದನ್ನು ಓದಿ ನಿಮ್ಮ ಹಸುವಿನ ಜೋಳದ ನುಚ್ಚಿಗೆ ಸುಣ್ಣ ಬೆರೆಸಲು ಹೋಗಬೇಡಿ. ಹಸುವಿನ ಮೆಲುಕು ಹಾಕುವ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಯಾಸಿನ್ ಅನ್ನು ತಾವೇ ತಯಾರಿಸಿಕೊಡುತ್ತವೆ. ಸುಣ್ಣದ ಅಂಶಕ್ಕೆ ಖನಿಜ ಮಿಶ್ರಣ ಕೊಟ್ಟರಾಯಿತು.