ಮನೆಯೊಳಗಿನ ಕಾಂತಕ್ಷೇತ್ರ: ಅಳೆಯುವ, ತಗ್ಗಿಸುವ ವಿಧಾನ

ವಿದ್ಯುತ್ ಹರಿಯುವ ಪ್ರತಿ ತಂತಿಯ ಸುತ್ತಲೂ ಕಾಂತಕ್ಷೇತ್ರವಿರುತ್ತದೆ. ಭಾರತದ ಮನೆಗಳಲ್ಲಿ ಅದು ಸೆಕೆಂಡಿಗೆ 50 ಬಾರಿ ಹೊಯ್ದಾಡುತ್ತದೆ. ಇಷ್ಟು ಕಡಿಮೆ ಆವರ್ತಾಂಕದ ಕ್ಷೇತ್ರಕ್ಕೆ ರಾಸಾಯನಿಕ ಬಂಧ ಮುರಿಯುವ ಶಕ್ತಿಯಿಲ್ಲ. ಎಕ್ಸ್-ರೇ ಹಾಗೆ ಅದು ಡಿಎನ್‌ಎಯನ್ನು ನೇರವಾಗಿ ತುಂಡರಿಸಲಾರದು. ಅದು ಮಾಡುವುದು ದೇಹದೊಳಗೆ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿಸುವ ಕೆಲಸ. ನರಕೋಶದ ಪೊರೆಯ ಒಳಹೊರಗಿನ ನಡುವೆ ಸುಮಾರು 70 ಮಿಲಿವೋಲ್ಟ್ ವಿಭವಾಂತರವಿದ್ದು, ಮನೆಯ ಕ್ಷೇತ್ರ ಅದನ್ನು ಅಲುಗಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಕ್ಷೇತ್ರ ಸಾವಿರಾರು ಮೈಕ್ರೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಮುಟ್ಟಿದರೆ ಮಾತ್ರ ಅಕ್ಷಿಪಟಲದ ಕೋಶಗಳು ಕೆರಳಿ ಕಣ್ಣೆದುರು ಬೆಳಕು ಮಿಣುಕುತ್ತದೆ.

ಆತಂಕ ಶುರುವಾದದ್ದು 1979ರಲ್ಲಿ, ಅಮೆರಿಕದ ಡೆನ್ವರ್‌ನ ಅಧ್ಯಯನವೊಂದು ವಿದ್ಯುತ್ ಮಾರ್ಗಗಳಿಗೂ ಮಕ್ಕಳ ಕ್ಯಾನ್ಸರ್‌ಗೂ ನಂಟು ಸೂಚಿಸಿದಾಗ. ಸರಾಸರಿ 0.3–0.4 ಮೈಕ್ರೊಟೆಸ್ಲಾ ಮೀರಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ತುಸು ಹೆಚ್ಚೆಂದು ಮುಂದಿನ ವಿಶ್ಲೇಷಣೆಗಳೂ ಹೇಳಿದವು. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಆದರೆ ಕೋಶಗಳ ಮೇಲಿನ ಪ್ರಯೋಗಗಳಲ್ಲಿ ಇದಕ್ಕೆ ಒಪ್ಪುವಂಥ ಕಾರಣ ಸಿಕ್ಕಿಲ್ಲ. ಸಾರ್ವಜನಿಕರಿಗೆ 2010ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 200 ಮೈಕ್ರೊಟೆಸ್ಲಾ. ಭಯಕ್ಕೆ ಕಾರಣವಿಲ್ಲ, ಅಳೆದು ನೋಡುವುದಕ್ಕೆ ಅಡ್ಡಿಯೂ ಇಲ್ಲ.

ಮೊದಲು 50 ಹರ್ಟ್ಸ್ ಪರ್ಯಾಯ ಕ್ಷೇತ್ರ ಅಳೆಯುವ ಗಾಸ್‌ಮೀಟರ್ ಬೇಕು. ಮೊಬೈಲ್ ಆ್ಯಪ್ ಸಾಲದು. ಫೋನಿನ ಸಂವೇದಕ ಇರುವುದು ಭೂಮಿಯ ಸ್ಥಿರ ಕ್ಷೇತ್ರಕ್ಕಾಗಿ. ಮೀಟರಿನಲ್ಲಿ ಮಿಲಿಗಾಸ್ ಇದ್ದರೆ ಹತ್ತರಿಂದ ಭಾಗಿಸಿದರೆ ಮೈಕ್ರೊಟೆಸ್ಲಾ. ಮೇನ್ ಸ್ವಿಚ್ ಆರಿಸಿ ಒಮ್ಮೆ ಅಳೆಯಬೇಕು: ಉಳಿದದ್ದು ಹೊರಗಿನ ಲೈನು, ಟ್ರಾನ್ಸ್‌ಫಾರ್ಮರಿನದು. ಸ್ವಿಚ್ ಹಾಕಿ ಮತ್ತೆ ಅಳೆದರೆ ಮನೆಯ ಪಾಲು ತಿಳಿಯುತ್ತದೆ. ದಿಂಬಿನ ಜಾಗ, ಮಕ್ಕಳ ಮೇಜು ಮುಖ್ಯ. ಹಗಲಿಡೀ ಯಾರೂ ನಿಲ್ಲದ ಮೂಲೆಯ ಅಂಕಿ ಬೇಡ.

ಸಾಧನದಿಂದ ದೂರ ಸರಿದಷ್ಟೂ ಕ್ಷೇತ್ರ ಥಟ್ಟನೆ ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಳಿ 3 ಸೆಂ.ಮೀ.ನಲ್ಲಿ 200–800 ಮೈಕ್ರೊಟೆಸ್ಲಾ ಇದ್ದದ್ದು, 30 ಸೆಂ.ಮೀ.ನಲ್ಲಿ 2–20ಕ್ಕೆ ಬರುತ್ತದೆ. ಆದ್ದರಿಂದ ಮಂಚದ ತಲೆಭಾಗವನ್ನು ಮೀಟರ್ ಬೋರ್ಡ್, ಇನ್ವರ್ಟರ್ ಅಥವಾ ಫ್ರಿಜ್ ಇರುವ ಗೋಡೆಯಿಂದ ಒಂದು ಮೀಟರ್ ಸರಿಸಿದರೆ ಹೆಚ್ಚಿನ ಕೆಲಸ ಮುಗಿಯಿತು. ಗೋಡೆ ಇದನ್ನು ತಡೆಯದು, ಅಲ್ಯೂಮಿನಿಯಂ ಹಾಳೆಯೂ ಅಷ್ಟೇ. ‘ವಿಕಿರಣ ತಡೆ’ ಸ್ಟಿಕ್ಕರುಗಳಿಗೆ ಸುರಿದ ದುಡ್ಡು ದಂಡ.

ಮನೆ ತುಂಬ ಕ್ಷೇತ್ರ ಹೆಚ್ಚಿದ್ದರೆ ವೈರಿಂಗ್ ಮೇಲೆ ಅನುಮಾನ ಪಡಬೇಕು. ಫೇಸ್ ಮತ್ತು ನ್ಯೂಟ್ರಲ್ ಜೊತೆಯಾಗಿ ಹೋದರೆ ಎರಡರ ಕ್ಷೇತ್ರವೂ ಪರಸ್ಪರ ಅಳಿಸಿಹೋಗುತ್ತದೆ. ನ್ಯೂಟ್ರಲನ್ನು ಎಲ್ಲೋ ಅರ್ಥಿಂಗಿಗೆ ತಪ್ಪಾಗಿ ಜೋಡಿಸಿದ್ದರೆ ಪ್ರವಾಹ ಬೇರೆ ದಾರಿ ಹಿಡಿದು, ಕ್ಷೇತ್ರ ಹರಡಿಕೊಳ್ಳುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಎರಡೂ ತಂತಿಗಳನ್ನು ಒಟ್ಟಿಗೆ ಕ್ಲ್ಯಾಂಪ್ ಮೀಟರಿನೊಳಗೆ ಹಿಡಿದಾಗ ಸೊನ್ನೆ ತೋರಬೇಕು. ತೋರದಿದ್ದರೆ ದೋಷವಿದೆ, ಅದು ಶಾಕ್ ಹೊಡೆಯುವ ಅಪಾಯವೂ ಹೌದು, ಹಾಗಾಗಿ ತಡಮಾಡದೆ ಸರಿಪಡಿಸಬೇಕು.

ಇಂಡಕ್ಷನ್ ಒಲೆಯ ಆವರ್ತಾಂಕ ಹತ್ತಾರು ಕಿಲೊಹರ್ಟ್ಸ್, ಅದು ಈ ಲೆಕ್ಕಕ್ಕೆ ಬಾರದು. ಆದರೂ ಪೇಸ್‌ಮೇಕರ್ ಅಳವಡಿಸಿಕೊಂಡವರು ಅದರಿಂದ ಎರಡು ಅಡಿ ದೂರವಿರುವುದು ಲೇಸು. ಹೈಟೆನ್ಷನ್ ಲೈನಿನ ಕೆಳಗೆ ಮಹಡಿ ಏರಿಸುವವರಿಗೆ ಕ್ಷೇತ್ರಕ್ಕಿಂತ ತಂತಿಯ ಅಂತರವೇ ದೊಡ್ಡ ಪ್ರಶ್ನೆ; ನಿಗದಿತ ಅಂತರವನ್ನು ವಿದ್ಯುತ್ ಕಂಪನಿಯಿಂದ ಲಿಖಿತವಾಗಿ ಪಡೆದ ಮೇಲೆಯೇ ಕಟ್ಟಡದ ಕೆಲಸ ಶುರುಮಾಡಬೇಕು.